ಬೋರ್ಡಲ್ಲಿರೋದು ಸರಿ, ನಮಗೆಷ್ಟು?

ನಾವು ಶಿವಮೊಗ್ಗದವರು ಒಂದು ವಸ್ತುವಿನ ರೇಟನ್ನು ನೆಹರೂ ರೋಡಿನಲ್ಲಿ ಕೇಳಿ, ದುರ್ಗಿಗುಡಿಯಲ್ಲಿ ಅದನ್ನೇ ಇನ್ನೊಮ್ಮೆ ಕೇಳಿ, ಕೊನೆಗೆ ಗಾಂಧಿ ಬಜಾರಿನಲ್ಲಿ ಕೊಳ್ಳುವವರು. ಕೊಂಡು ಮನೆಗೆ ಬಂದ ಮೇಲೂ ಪಕ್ಕದ ಮನೆಯವರಿಗೆ ಅದೇ ವಸ್ತು ಎಷ್ಟಕ್ಕೆ ಬಿತ್ತು ಅಂತ ವಿಚಾರಿಸುತ್ತೇವೆ. ಹಾಗಾಗಿ ದುರ್ಗಿಗುಡಿಯಲ್ಲಿ ಅಂಗಡಿ ಇಟ್ಟವನು ‘ಎಷ್ಟು?’ ಎಂಬ ಪ್ರಶ್ನೆಗೆ ಬೇಜಾರು ಮಾಡಿಕೊಂಡರೆ ಮಧ್ಯಾಹ್ನದೊಳಗೆ ಶಟರ್ ಎಳೆಯಬೇಕಾಗುತ್ತದೆ.

ಇಲ್ಲೇ ಸೋಫಾ, ಕಾರ್ಪೆಟ್ ತೊಳೆಯುವ ಕೆಲಸ ಹಿಡಿದಿರುವ ಗೆಳೆಯನೊಬ್ಬನಿದ್ದಾನೆ. ಅವನ ಅಂಗಡಿಯೆಂದರೆ ಒಂದು ಇಕ್ಕಟ್ಟಾದ ಕೋಣೆ, ಒಂದು ದಪ್ಪ ಹೊಟ್ಟೆಯ ವ್ಯಾಕ್ಯೂಮ್ ಮೆಷಿನ್, ನಾಲ್ಕಾರು ಕ್ಯಾನು, ಮತ್ತು ಬಿಡುವಿಲ್ಲದ ಫೋನು. ಸಂಜೆ ಹೊತ್ತು ಅಲ್ಲಿ ಹೋಗಿ ಕೂತರೆ ಅವನ ವ್ಯಾಪಾರದ ಅರ್ಧ ಭಾಗ ಪುಕ್ಕಟೆ ಕೇಳಲು ಸಿಗುತ್ತದೆ.

“ಕಾರ್ಪೆಟ್ ತೊಳೀತೀರಂತಲ್ಲ, ಎಷ್ಟು?”

“ಅಳತೆ ಎಷ್ಟಿದೆ ಸಾರ್?”

“ಹಾಲ್‌ನಲ್ಲಿ ಹಾಸೋದು ಕಣ್ರಿ.”

“ಉಣ್ಣೇದಾ, ಸಿಂಥೆಟಿಕ್ಕಾ?”

“ಅದೆಲ್ಲ ಗೊತ್ತಿಲ್ಲ. ಕೆಂಪು ಬಣ್ಣದ್ದು. ಎಷ್ಟಾಗುತ್ತೆ ಹೇಳಿ ಮಾರಾಯ್ರೆ.”

ಭದ್ರಾವತಿಯಿಂದ ಬರುವ ಫೋನಿನ ಗತ್ತೇ ಬೇರೆ. 1923ರಿಂದ ಕಬ್ಬಿಣ ಕರಗಿಸಿದ ಊರು. ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರ ಬಾಯಲ್ಲಿ ‘ಎಷ್ಟು’ ಎಂಬುದು ‘ಕೊಟೇಶನ್’ ಆಗುತ್ತದೆ. ಜಿಎಸ್‌ಟಿ ಸೇರಿಯೋ, ಬಿಟ್ಟೋ? ಬರುವ ಖರ್ಚು ಯಾರದ್ದು? ಬರೆದು ವಾಟ್ಸಾಪ್ ಮಾಡ್ತೀರಾ? ಅಲ್ಲಿಯವರಿಗೆ ಕಾರ್ಪೆಟ್ಟೂ ಒಂದು ಟೆಂಡರು.

ಹೀಗೆ ಕೇಳುವವರನ್ನು ಬೈಯುವ ಮೊದಲು ಒಂದು ಮಾತು ನೆನೆಯಬೇಕು. ಮಲೆನಾಡಿನ ಮನೆಗಳಿಗೆ ಕಾರ್ಪೆಟ್ ಬಂದದ್ದು ನಿನ್ನೆ ಮೊನ್ನೆ. ಮೊದಲು ಇದ್ದದ್ದು ಚಾಪೆ, ಕಂಬಳಿ, ಮದುವೆ ಮುಂಜಿಗೆಂದು ಅಟ್ಟದಿಂದ ಇಳಿಸುವ ಜಮಖಾನೆ. ಜಮಖಾನೆಯಲ್ಲೂ ನವಲಗುಂದದ್ದೆಂದರೆ ಅದರ ಗತ್ತೇ ಗತ್ತು. ಅಲ್ಲಿಯ ಹೆಂಗಸರು ಹತ್ತಿ ನೂಲಿನಲ್ಲಿ ಮಗ್ಗದ ಮೇಲೆ ನೇಯುವ ಆ ನೆಲಹಾಸಿಗೆ ಈಗ ಭೌಗೋಳಿಕ ಸೂಚಕದ (ಜಿಐ) ಗುರುತೂ ಸಿಕ್ಕಿದೆ. ಕೊಳೆಯಾಯಿತೋ, ಹೊಳೆಗೆ ಒಯ್ದು ಬಂಡೆಗೆ ಕುಕ್ಕಿ, ಬಿಸಿಲಿಗೆ ಹರವಿದರೆ ಮುಗಿಯಿತು. ಖರ್ಚು ಒಂದು ಬಾರ್ ಸೋಪು, ಎರಡು ಜೊತೆ ತೋಳು. ಇಸ್ತ್ರಿಗೆ, ಕ್ಷೌರಕ್ಕೆ, ಗಿರಣಿಗೆ ಎಷ್ಟು ಕೊಡಬೇಕೆಂದು ಊರಿಗೇ ಗೊತ್ತಿರುತ್ತದೆ. ನೆಲಹಾಸು ತೊಳೆಯಲು ಯಾರಿಗಾದರೂ ದುಡ್ಡು ಕೊಟ್ಟ ನೆನಪು ನಮ್ಮ ಹಿಂದಿನ ತಲೆಮಾರಿಗಿಲ್ಲ. ಗೊತ್ತಿಲ್ಲದವನು ಕೇಳದೆ ಇನ್ನೇನು ಮಾಡಬೇಕು?

ಕೇಳಿದರೂ ತಿಳಿಯುವ ಕೆಲಸ ಅದಲ್ಲ. ಕಾರ್ಪೆಟ್ಟಿನ ಕೊಳೆ ಮೇಲೆ ಕಾಣುವ ಕಾಫಿ ಕಲೆಯಲ್ಲ. ಬುಡದಲ್ಲಿ ಕೂತ ಮಣ್ಣು. ಅದನ್ನು ಒಣಗಿದ್ದಾಗಲೇ ಎಳೆದು ತೆಗೆಯದೆ ನೀರು ಹಾಕಿದರೆ ಅಲ್ಲೇ ಕೆಸರಾಗುತ್ತದೆ. ಉಣ್ಣೆಗೆ ಬಿಸಿನೀರು ಹೆಚ್ಚಾಗಿ ತಿಕ್ಕಿದರೆ ಕುಗ್ಗಿ ಗಂಟುಗಟ್ಟುತ್ತದೆ. ಕೆಲವು ಕೆಂಪು ಬಣ್ಣ ಪಕ್ಕದ ಬಿಳಿಗೆ ಇಳಿಯುತ್ತದೆ. ಬೆನ್ನಿಗೆ ಸೆಣಬಿದ್ದರೆ ಅತಿಯಾಗಿ ನೆನೆದಾಗ ಕಂದು ಕಲೆ ಮೇಲೇಳುತ್ತದೆ. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿಕೊಂಡಿದ್ದರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಆಷಾಢದ ಶಿವಮೊಗ್ಗದಲ್ಲಿ ಕರ್ಚೀಫೇ ಒಣಗದಿರುವಾಗ ಹೀಗೆ ಒಳಗೊಳಗೇ ಒದ್ದೆಯಾದ ಕಾರ್ಪೆಟ್ಟನ್ನು ಸುತ್ತಿಟ್ಟರೆ ಮೂರನೇ ದಿನ ಮೂಗು ಹೇಳುತ್ತದೆ.

ಅಗ್ಗದ ತೊಳೆತಕ್ಕೂ ಸರಿಯಾದ ತೊಳೆತಕ್ಕೂ ಆ ದಿನ ವ್ಯತ್ಯಾಸ ಕಾಣುವುದೇ ಇಲ್ಲ. ಎರಡೂ ಘಮಘಮ, ಎರಡೂ ಫಳಫಳ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಮಾರಾಟವನ್ನು ಮುಂದಿಟ್ಟುಕೊಂಡು ಇದನ್ನೇ ಬರೆದ: ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದ ಕಡೆ ಅವನು ಒಳ್ಳೆಯದಕ್ಕೆ ಹೆಚ್ಚು ಕೊಡಲು ಹಿಂಜರಿಯುತ್ತಾನೆ, ಒಳ್ಳೆಯ ಮಾಲಿನವನು ಸಂತೆಯನ್ನೇ ಬಿಟ್ಟು ಹೋಗುತ್ತಾನೆ. 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ನಮ್ಮವನಿಗೆ ಅದೇ ಜ್ಞಾನಕ್ಕೆ ಬಂದದ್ದು ಮಿಸ್ಡ್ ಕಾಲು.

ಮೊದಮೊದಲು ಅವನು ಕೇಳಿದ ತಕ್ಷಣ ರೇಟು ಹೇಳಿಬಿಡುತ್ತಿದ್ದ. ಚದರಡಿಗೆ 20 ರೂಪಾಯಿ ಎಂದಿಟ್ಟುಕೊಳ್ಳಿ, ಆರಕ್ಕೆ ಒಂಬತ್ತಡಿಯ ಕಾರ್ಪೆಟ್ಟಿಗೆ 1080 ರೂಪಾಯಿ. ಆ ಕಡೆಯಿಂದ “ಹಾಂ!” ಎಂಬ ಉದ್ಗಾರ, ಆಮೇಲೆ ಮೌನ. ಇದು ಕೂಡದೆಂದು ಉಪಾಯ ಬದಲಿಸಿದ: “ಮನೆಗೆ ಬಂದು ನೋಡಿ ಹೇಳ್ತೀನಿ.” ಅದಕ್ಕೆ ಜನ ಇನ್ನೂ ಬೇಗ ಫೋನ್ ಇಟ್ಟರು. ಯೂಟ್ಯೂಬಿನಲ್ಲಿ ವ್ಯಾಪಾರ ಕಲಿಸುವವನೊಬ್ಬ, ರೇಟು ಮಾತ್ರ ಕೇಳುವ ಗಿರಾಕಿಯನ್ನು ಬಿಟ್ಟುಬಿಡಿ, ಅವನು ನಿಮ್ಮವನಲ್ಲ ಎಂದು ಉಪದೇಶಿಸಿದನಂತೆ. ಗಿರಾಕಿಯನ್ನು ಆರಿಸಿಕೊಂಡವರು ನಮ್ಮಲ್ಲೂ ಇದ್ದರು. 12ನೇ ಶತಮಾನದ ಮಡಿವಾಳ ಮಾಚಯ್ಯ ಕಾಯಕ ಮಾಡದವರ ಬಟ್ಟೆ ಮುಟ್ಟುತ್ತಿರಲಿಲ್ಲ ಎಂಬ ಪ್ರತೀತಿಯಿದೆ. ಆದರೆ ಮಾಚಯ್ಯ ನೋಡಿದ್ದು ಬಟ್ಟೆ ತಂದವನ ದುಡಿಮೆಯನ್ನು. ಅವನು ಎಷ್ಟು ಚೌಕಾಸಿ ಮಾಡುತ್ತಾನೆ ಎಂಬುದನ್ನಲ್ಲ. ರೇಟು ಕೇಳುವವರನ್ನೆಲ್ಲ ಬಿಡುತ್ತ ಹೋದರೆ ದುರ್ಗಿಗುಡಿಯಲ್ಲಿ ಉಳಿಯುವುದು ದುರ್ಗಮ್ಮ ಒಬ್ಬಳೇ.

‘ಮನೆಗೆ ಬಂದು ನೋಡ್ತೀನಿ’ ಎಂದರೆ ಜನ ಯಾಕೆ ಬೆದರುತ್ತಾರೆ? ನನಗೆ ತೋಚುವ ಕಾರಣ ಜಿಪುಣತನವಲ್ಲ, ದಾಕ್ಷಿಣ್ಯ. ಮನೆಗೆ ಬಂದವನನ್ನು ಕೂರಿಸಬೇಕು. ಕೂತವನಿಗೆ ಕಾಫಿ ಕೊಡಬೇಕು. ಕಾಫಿ ಕುಡಿದವನು ಅಳತೆ ಪಟ್ಟಿ ಹಿಡಿದು ಮಂಡಿಯೂರಿ ಕಾರ್ಪೆಟ್ಟಿನ ಮೂಲೆ ಮಗುಚಿ ನೋಡಿ, ‘1500 ಆಗುತ್ತೆ ಅಮ್ಮ’ ಎಂದರೆ ಯಾವ ಬಾಯಲ್ಲಿ ಬೇಡ ಎನ್ನುವುದು? ಈ ಕಡೆಯ ಜನಕ್ಕೆ ಬೇರೆ ಏನು ಬೇಕಾದರೂ ಬರುತ್ತದೆ, ಎದುರಿಗೆ ಕೂತವನಿಗೆ ಇಲ್ಲ ಎನ್ನಲು ಮಾತ್ರ ಬರುವುದಿಲ್ಲ. ಅದಕ್ಕೇ ಮುಖ ಕಾಣದ ಫೋನಿನಲ್ಲೇ, ಸಂಬಂಧ ಹುಟ್ಟುವ ಮೊದಲೇ, ‘ಎಷ್ಟು’ ಎಂದು ಕೇಳಿ ಮುಗಿಸಿಬಿಡುವ ಆತುರ.

ಇದು ಹೊಳೆದ ಮೇಲೆ ಗೆಳೆಯ ಮಾತಿನ ವರಸೆ ಬದಲಿಸಿದ. ಈಗ ಮೊದಲು ಕೇಳುವುದು ಅಳತೆಯನ್ನಲ್ಲ, “ಮನೇಲಿ ನಾಯಿ ಇದೆಯಾ? ಚಿಕ್ಕ ಮಕ್ಕಳಿದಾರಾ? ಒಂದು ಫೋಟೋ ಕಳಿಸ್ತೀರಾ?” ಅಲ್ಲಿಗೆ ಆ ಕಡೆಯವರೇ ಮೊಮ್ಮಗಳು ಹಾರ್ಲಿಕ್ಸ್ ಚೆಲ್ಲಿದ ಕಥೆ ಶುರುಮಾಡುತ್ತಾರೆ. ಆಮೇಲೆ ಇಷ್ಟರಿಂದ ಇಷ್ಟರೊಳಗೆ ಎಂದು ಎರಡು ಮೊತ್ತ ಹೇಳಿ, ಹೆಚ್ಚಾದರೆ ಯಾಕೆ ಹೆಚ್ಚು ಎಂದು ಒಂದೇ ವಾಕ್ಯದಲ್ಲಿ ತಿಳಿಸುತ್ತಾನೆ. ಮೆಷಿನ್ನಿನಲ್ಲಿ ನೇಯ್ದ ಅಗ್ಗದ ಕಾರ್ಪೆಟ್ಟಾದರೆ, “ಇದಕ್ಕೆ ನನಗೆ ಕೊಡೋ ದುಡ್ಡಿಗೆ ಇನ್ನಷ್ಟು ಹಾಕಿ ಹೊಸದೇ ತಗೊಳ್ಳಿ” ಎಂದು ಹೇಳುವುದೂ ಉಂಟು. ಹಾಗೆ ಕಳೆದುಕೊಂಡ ಗಿರಾಕಿ ದೀಪಾವಳಿಗೆ ಸೋಫಾ ತೊಳೆಸಲು ಅವನನ್ನೇ ಕರೆಯುತ್ತಾರೆ. ಇನ್ನೊಂದು ನಿಯಮವಿದೆ: ರೇಟು ಒಪ್ಪುವವರೆಗೆ ಯಾರ ಮನೆಯಲ್ಲೂ ಕಾಫಿ ಮುಟ್ಟುವುದಿಲ್ಲ. “ಬೇಡ ಅನ್ನಿಸಿದ್ರೆ ಬೇಡ ಅನ್ನಿ ಅಮ್ಮ, ನಾನಿನ್ನೂ ಕಾಫಿ ಕುಡಿದಿಲ್ಲ” ಎಂದು ನಗುತ್ತಾನೆ. ನೂರಕ್ಕೆ ನೂರು ಜನ ಒಪ್ಪುತ್ತಾರೆ ಅಂತಲ್ಲ. ಒಪ್ಪದವರೂ ಬೈದುಕೊಳ್ಳದೆ ಕಳಿಸುತ್ತಾರೆ.

ಇಷ್ಟಾದ ಮೇಲೂ ಅವನಿಗೊಂದು ಆಸೆ ಉಳಿದಿತ್ತು: ಎಲ್ಲರಿಗೂ ಒಂದೇ ಬೆಲೆ ಎಂದು ಬರೆದು ಹಾಕುವುದು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದ ವ್ಯಾಪಾರಿಗಳು, ಒಬ್ಬನಿಗೊಂದು ಇನ್ನೊಬ್ಬನಿಗೊಂದು ಬೆಲೆ ಹೇಳುವುದು ಸುಳ್ಳಾಡಿದಂತೆ ಎಂದು ನಂಬಿ ಚೌಕಾಸಿಯನ್ನೇ ಬಿಟ್ಟಿದ್ದರು. ಜನ ಮೊದಲು ಗೊಣಗಿದರೂ, ಮಗುವನ್ನು ಕಳಿಸಿದರೂ ಮೋಸವಿಲ್ಲ ಎಂದು ಗೊತ್ತಾದ ಮೇಲೆ ಅವರಲ್ಲಿಗೇ ಹೋದರು. ಇದನ್ನು ನಾನೇ ಅವನಿಗೆ ಹೇಳಿದೆ. ಬೋರ್ಡು ಬರೆಸಿ ಬಾಗಿಲಿಗೆ ತೂಗುಹಾಕಿದ: ಉಣ್ಣೆಗಿಷ್ಟು, ಸಿಂಥೆಟಿಕ್ಕಿಗಿಷ್ಟು, ಮಳೆಗಾಲಕ್ಕೆ ಇಷ್ಟು ದಿನ ಹೆಚ್ಚು.

ಜನ ನಿಂತು ಬೋರ್ಡನ್ನು ಮೇಲಿಂದ ಕೆಳಗಿನವರೆಗೆ ಓದುತ್ತಾರೆ, ತಲೆಯಾಡಿಸುತ್ತಾರೆ, ಮೆಟ್ಟಿಲು ಹತ್ತಿ ಒಳಗೆ ಬರುತ್ತಾರೆ.

“ಬೋರ್ಡಲ್ಲಿರೋದು ಸರಿ, ನಮಗೆಷ್ಟು?”

ಫೋನಿನಲ್ಲಿ ದಾಕ್ಷಿಣ್ಯಕ್ಕೆ ಹೆದರಿ ಓಡುವವರೇ ಮುಖ ಕಂಡ ಕೂಡಲೇ ಅದನ್ನು ಹಕ್ಕಿನಿಂದ ಕೇಳುವುದು ದುರ್ಗಿಗುಡಿಯ ನ್ಯಾಯ. ಗೆಳೆಯ ರೇಟು ಇಳಿಸುವುದಿಲ್ಲ. ಇಳಿಸಿದರೆ ಬೋರ್ಡು ಸುಳ್ಳಾಗುತ್ತದೆ. “ನಿಮಗೂ ಅಷ್ಟೇ ಸಾರ್. ಆದ್ರೆ ಬಾಗಿಲ ಮ್ಯಾಟ್ ಇದ್ರೆ ತನ್ನಿ, ಜೊತೆಗೇ ತೊಳೆದುಕೊಡ್ತೀನಿ, ಅದಕ್ಕೇನೂ ಬೇಡ” ಎನ್ನುತ್ತಾನೆ. ಬಂದವರ ಮುಖ ಅರಳುತ್ತದೆ. ಈಗೀಗ ಕೆಲವರು ಹಿತ್ತಲ ಬಾಗಿಲ ಮ್ಯಾಟನ್ನೂ ಸೇರಿಸಿಕೊಂಡೇ ಬರುತ್ತಿದ್ದಾರೆ.