ಮೂರು ಕಾಲಿನ ಸಂಗಾತಿ

ಗದಗ-ಬೆಟಗೇರಿಗೆ ಬಂದವರು ತ್ರಿಕೂಟೇಶ್ವರನ ಆವರಣದಲ್ಲಿರುವ ಸರಸ್ವತಿ ಗುಡಿಯನ್ನು ನೋಡದೆ ಹೋಗಬಾರದು. ಅದರ ಕಂಬಗಳ ಸೂಕ್ಷ್ಮ ಕೆತ್ತನೆಯನ್ನು ಹಿಡಿಯಲು ನನ್ನ ವಿದ್ಯಾರ್ಥಿಯೊಬ್ಬ ಅನುಮತಿ ಪಡೆದು, ತಂದೆಯ ಹಳೆಯ ಯಾಷಿಕಾ ಮ್ಯಾಟ್ 124 ಜಿ ಕ್ಯಾಮೆರಾ ತಂದಿದ್ದ. ರೋಲಿನ 12 ಚಿತ್ರಗಳನ್ನೂ ಅಲ್ಲೇ ಮುಗಿಸಿದ. ಪ್ರಿಂಟ್ ಬಂದಾಗ ಒಂದೂ ಸ್ಪಷ್ಟವಾಗಿರಲಿಲ್ಲ.

“ಕ್ಯಾಮೆರಾ ಚಲೋ ಐತ್ರೀ ಸರ, ಫೋಟೋ ಯಾಕ ಮಬ್ಬ ಬಂದಾವ?” ಎಂದು ಅವನ ತಂದೆ ಕೇಳಿದರು. ತಪ್ಪು ಕ್ಯಾಮೆರಾದ್ದಲ್ಲ, ಕೆಳಗಿದ್ದ ತೆಳ್ಳನೆಯ ಸ್ಟ್ಯಾಂಡಿನದು. ಹಗುರವಾಗಿದೆಯೆಂದು ಅದನ್ನು ಆರಿಸಿಕೊಟ್ಟವನು ನಾನೇ!

ಇದು 120 ಫಿಲ್ಮ್ ಬಳಸುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ. ಇದರ ಚೌಕ ನೆಗೆಟಿವಿನ ಬದಿ ಸುಮಾರು 56 ಮಿ.ಮೀ.; ವಿಸ್ತೀರ್ಣದಲ್ಲಿ 35 ಮಿ.ಮೀ. ಫಿಲ್ಮಿನ ಚಿತ್ರಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಆದರೆ ಹತ್ತಿರದ ಕಂಬವೂ ಹಿಂದಿನ ಕಂಬವೂ ಸ್ಪಷ್ಟವಾಗಬೇಕಾದರೆ ಮಸೂರದ ರಂಧ್ರವನ್ನು ಕಿರಿದು ಮಾಡಬೇಕು. ಆಗ ಗುಡಿಯ ಮಂದ ಬೆಳಕಿನಲ್ಲಿ ಷಟರ್ ಕೆಲವು ಸೆಕೆಂಡು ತೆರೆದೇ ಇರಬೇಕಾಗುತ್ತದೆ. ಅಷ್ಟರಲ್ಲಿ ಸ್ವಲ್ಪ ಅಲುಗಿದರೂ ಚಿತ್ರ ಕೆಟ್ಟಂತೆಯೇ.

ಶಾಲೆಯಲ್ಲಿ ಒಂದು ಪ್ರಯೋಗ ಮಾಡಿದೆವು. ಸ್ಟ್ಯಾಂಡಿನ ತಲೆಗೆ ಚಿಕ್ಕ ಕನ್ನಡಿ ಅಂಟಿಸಿ, ಯಾರ ಕಣ್ಣಿಗೂ ಬೀಳದಂತೆ, ಬಿಸಿಲನ್ನು ದೂರದ ಗೋಡೆಯ ಮೇಲೆ ಬೀಳಿಸಿದೆವು. ಕಾಲಿಗೆ ಬೆರಳಿನಿಂದ ತಟ್ಟಿದರೆ ಬೆಳಕಿನ ಚುಕ್ಕೆ ಕುಣಿಯುತ್ತದೆ. ಕನ್ನಡಿ ವಾಲಿದ ಕೋನದ ಎರಡರಷ್ಟು ಕಿರಣ ತಿರುಗುವುದರಿಂದ ಸಣ್ಣ ನಡುಕವೂ ಕಾಣುತ್ತದೆ. ನಡುಗಂಬವನ್ನು ಮೇಲೆತ್ತಿದಾಗ ಚುಕ್ಕೆ ಬಹಳ ಹೊತ್ತು ಕುಣಿಯಿತು. ಗಿಡ್ಡ ಮಾಡಿದಾಗ ಬೇಗ ನಿಂತಿತು. ಒಂದು ತುದಿ ಬಿಗಿದ ಕೋಲಿನ ಉದ್ದ ಎರಡರಷ್ಟಾದರೆ, ಅದೇ ಬಲಕ್ಕೆ ಅದು ಎಂಟರಷ್ಟು ಬಾಗುತ್ತದೆ.

ಗುಟ್ಟು ಇಲ್ಲೇ ಇದೆ. ಯಾಷಿಕಾದಂಥ ಕ್ಯಾಮೆರಾವನ್ನು ಮೇಲಿನಿಂದ ಬಗ್ಗಿ ನೋಡುತ್ತೇವೆ. ಕಣ್ಣೆತ್ತರದ ಸ್ಟ್ಯಾಂಡು ಬೇಡ, ಎದೆಯೆತ್ತರ ಸಾಕು. ಎತ್ತರ ಕಡಿಮೆಯಾದರೆ ಭಾರವೂ ಇಳಿಯುತ್ತದೆ, ಗಟ್ಟಿತನವೂ ಬರುತ್ತದೆ. ಕ್ಯಾಮೆರಾದ ತೂಕ 1.1 ಕಿಲೋ. ಅದರ ಎರಡು-ಮೂರು ಪಟ್ಟು ಭಾರ ತಡೆಯುವ, ದಪ್ಪ ಕೊಳವೆಯ, ಕಾಲಿಗೆ ಮೂರೇ ಮಡಿಕೆಗಳಿರುವ ಅಲ್ಯೂಮಿನಿಯಂ ಸ್ಟ್ಯಾಂಡು ಕೊಂಡೆವು. ತೂಕ ಸುಮಾರು 2 ಕಿಲೋ. ಕಾರ್ಬನ್ ಫೈಬರಿನದು ಇನ್ನೂ ಹಗುರ. ಆದರೆ ಪಾಲಕರ ಜೇಬಿಗೆ ಭಾರ.

ಚಳಿಗಾಲದಲ್ಲಿ ಅದನ್ನು ಹೊತ್ತು ಹೊರಟೆವು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಹಕ್ಕಿಗಳಿಗೆ ತೊಂದರೆಯಾಗದಂತೆ ದೂರದಲ್ಲೇ ನಿಂತೆವು. ಕೆಸರಿನಲ್ಲಿ ಕಾಲುಗಳು ಹೂತವು. ಅಡಿಗೆ ಚಪ್ಪಟೆ ಕಲ್ಲುಗಳನ್ನಿಟ್ಟೆವು: ವಿಸ್ತೀರ್ಣ ಹೆಚ್ಚಿತು, ಒತ್ತಡ ಇಳಿಯಿತು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯಲ್ಲಿ ನೆಲ ಗಟ್ಟಿ. ಅಲ್ಲಿ ಕಲ್ಲಿಗೆ ಗೀರು ಬೀಳದಂತೆ ಕಾಲಿಗೆ ರಬ್ಬರ್ ಬೇಕು. ಸಂರಕ್ಷಿತ ಗುಡಿಗಳಲ್ಲಿ ಸ್ಟ್ಯಾಂಡು ಬಳಸಲು ಪುರಾತತ್ವ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕೆಂಬುದನ್ನು ಮರೆಯಬೇಡಿ.

ಮರುವಾರ ಮುಂಡರಗಿ ತಾಲ್ಲೂಕಿನ ಡಂಬಳಕ್ಕೆ ಹೋದೆವು. ನಕ್ಷತ್ರಾಕಾರದ ದೊಡ್ಡಬಸಪ್ಪ ಗುಡಿಯ ಹತ್ತಿರ ಕಪ್ಪತಗುಡ್ಡದ ಕಡೆಯಿಂದ ಗಾಳಿ ಜೋರಾಗಿತ್ತು. ಸ್ಟ್ಯಾಂಡಿನ ಕೊಕ್ಕೆಗೆ ಕಲ್ಲು ತುಂಬಿದ ಚೀಲ ತೂಗಿಹಾಕಿದೆವು. ಚೀಲವೇ ಜೋಲಾಡಿದರೆ ಲಾಭವಿಲ್ಲ. ಅದು ನೆಲಕ್ಕೆ ತುಸು ತಾಗಿರಬೇಕು.

ಕೊನೆಗೆ ಮತ್ತೆ ಸರಸ್ವತಿ ಗುಡಿ. ಹುಡುಗ ಗುಂಡಿಯನ್ನು ಬೆರಳಿನಿಂದ ಒತ್ತಲಿಲ್ಲ, ಕೇಬಲ್ ರಿಲೀಸ್ ಬಳಸಿದ. 12ರಲ್ಲಿ 10 ಚಿತ್ರಗಳು ಸ್ಪಷ್ಟವಾಗಿ ಬಂದವು. ಉಳಿದ ಎರಡಕ್ಕೆ ಅವಸರದಲ್ಲಿ ನಡುಗಂಬ ಎತ್ತಿದ್ದನಂತೆ.

ಹಳೆಯ ಸ್ಟ್ಯಾಂಡು ಈಗ ನಮ್ಮ ಪ್ರಯೋಗಶಾಲೆಯಲ್ಲಿದೆ. ನಡುಕವನ್ನು ತೋರಿಸಲು ಅದಕ್ಕಿಂತ ಒಳ್ಳೆಯ ಉಪಕರಣ ನನ್ನಲ್ಲಿಲ್ಲ.