ಅವರವರ ಹಲಗೆ

ಅಂಗಡಿಯ ಗುಮಾಸ್ತನೊಬ್ಬನು ಗೋಡೆಯ ಕರಿಹಲಗೆಯ ಮೇಲೆ ಉದ್ದವಾದ ಲೆಕ್ಕವೊಂದನ್ನು ಅರ್ಧ ಮಾಡಿರುವನೆನ್ನಿ. ಅಷ್ಟರಲ್ಲಿ ಯಜಮಾನರ ಕೂಗು: “ಅದಿರಲಿ, ಮೊದಲು ಇದನ್ನು ಕೂಡಿಸು.” ಇರುವುದು ಒಂದೇ ಹಲಗೆ. ಅದನ್ನು ಒರಸಿ ಹೊಸ ಲೆಕ್ಕ ಮುಗಿಸಿ ಹಳೆಯದಕ್ಕೆ ಮರಳಿದರೆ, ಅಲ್ಲಿರುವ ಅಂಕಿಗಳೇ ಬೇರೆ! ಗುಮಾಸ್ತನ ಗಣಿತದಲ್ಲಿ ತಪ್ಪಿಲ್ಲ. ತಪ್ಪಿರುವುದು ಹಲಗೆಯ ವ್ಯವಸ್ಥೆಯಲ್ಲಿ.

ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸಿದ ಸಿ ಭಾಷೆಯಲ್ಲಿ ಕಂಪ್ಯೂಟರಿಗೆ ಆದೇಶ ಬರೆಯುವವರಿಗೂ ಈ ಪೇಚು ತಪ್ಪಿದ್ದಲ್ಲ. ಒಂದು ಕೆಲಸಕ್ಕೆ ಬೇಕಾದ ಆದೇಶಗಳ ಕಟ್ಟಿಗೆ ಅಲ್ಲಿ ಫಂಕ್ಷನ್ ಎಂದು ಹೆಸರು. ಒಮ್ಮೆ ಕರೆದ ಫಂಕ್ಷನ್ ಮುಗಿಯುವ ಮೊದಲೇ ಅದನ್ನು ಮತ್ತೆ ಕರೆದರೂ ಎರಡು ಕೆಲಸಗಳೂ ಕೆಡದೆ ನಡೆದರೆ ಅದು ‘ರೀಎಂಟ್ರಂಟ್’, ಎಂದರೆ ಪುನಃಪ್ರವೇಶಕ್ಕೆ ಯೋಗ್ಯವಾದುದು.

ಸಾಲನ್ನು ಪದಗಳಾಗಿ ಒಡೆಯುವ ಸ್ಟ್ರ್‌ಟೋಕ್ ಎಂಬ ಫಂಕ್ಷನ್ನಿಗೆ ಈ ಯೋಗ್ಯತೆಯಿಲ್ಲ. ಎಲ್ಲಿಯವರೆಗೆ ಒಡೆದೆನೆಂಬ ಗುರುತನ್ನು ಅದು ಒಂದೇ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ನಡುವೆ ಇನ್ನೊಂದು ಸಾಲನ್ನು ಕೊಟ್ಟರೆ ಮೊದಲಿನ ಗುರುತು ಅಳಿಯಿತು. 1995ರ ಪಾಸಿಕ್ಸ್ ನಿಯಮಾವಳಿ ಇದಕ್ಕೆ ಸ್ಟ್ರ್‌ಟೋಕ್-ಆರ್ ಎಂಬ ಪರಿಹಾರ ನೀಡಿತು. ಇಲ್ಲಿ ಗುರುತಿಡುವ ಹಲಗೆಯನ್ನು ಕರೆಯುವವನೇ ತರಬೇಕು. ಹಂಚಿಕೊಂಡ ಜಾಗದಲ್ಲಿ ಏನನ್ನೂ ಬರೆದಿಡಬಾರದು, ಹಾಗೆ ಬರೆದಿಡುವ ಇನ್ನೊಂದು ಫಂಕ್ಷನ್ನಿನ ಸಹವಾಸವನ್ನೂ ಮಾಡಬಾರದು: ವ್ರತ ಇಷ್ಟೇ.

ಸಹವಾಸದೋಷ ಎಷ್ಟು ದುಬಾರಿಯೆಂಬುದಕ್ಕೆ ಓಪನ್‌ಎಸ್‌ಎಸ್‌ಎಚ್ ಸಾಕ್ಷಿ. ದೂರದ ಕಂಪ್ಯೂಟರಿನ ಬಾಗಿಲು ಕಾಯುವ ತಂತ್ರಾಂಶವಿದು. ಬಂದವನು ನಿಗದಿತ ಅವಧಿಯಲ್ಲಿ ತನ್ನ ಗುರುತನ್ನು ರುಜುವಾತು ಮಾಡದಿದ್ದರೆ ಗಂಟೆ ಬಾರಿಸಿದಂತೆ ಒಂದು ಸಂಕೇತ ಬಂದು, ನಡೆಯುತ್ತಿರುವ ಕೆಲಸವನ್ನು ಅರ್ಧಕ್ಕೇ ತಡೆಯುತ್ತದೆ. ಆಗ ಓಡುವ ಫಂಕ್ಷನ್, ಘಟನೆಯನ್ನು ದಾಖಲಿಸುವ ಇನ್ನೊಂದನ್ನು ಕರೆಯುತ್ತಿತ್ತು. ಅನೇಕ ಲಿನಕ್ಸ್ ವ್ಯವಸ್ಥೆಗಳಲ್ಲಿ ಅದು ನೆನಪಿನ ಜಾಗ ಹಂಚುವ ಲೆಕ್ಕಕ್ಕೇ ಕೈಹಾಕುವುದು. ಆ ಲೆಕ್ಕವೋ ಅರ್ಧ ಬರೆದು ನಿಂತಿರಬಹುದು! 2006ರಲ್ಲಿ ಮುಚ್ಚಿದ್ದ ಈ ಬಿರುಕು 2020ರ ಒಂದು ಮಾರ್ಪಾಟಿನಲ್ಲಿ ಮತ್ತೆ ತೆರೆದು, 2024ರ ಜುಲೈಯಲ್ಲಿ ಬಯಲಾಯಿತು. ಸಂಶೋಧಕರ ಪ್ರಯೋಗದಲ್ಲಿ ಸರಾಸರಿ ಸುಮಾರು 10,000 ಯತ್ನಗಳಿಗೆ ಒಮ್ಮೆ ಗಳಿಗೆ ಕೂಡಿಬಂದಿತು. ಆ ಒಮ್ಮೆ ಸಾಕು, ನುಗ್ಗಿದವನಿಗೆ ಇಡೀ ಯಂತ್ರದ ಯಜಮಾನಿಕೆ.

ಸಾವಿರಾರು ಸಲ ಸರಿಯಾಗಿ ನಡೆದು ಒಮ್ಮೆ ಮಾತ್ರ ಮುಗ್ಗರಿಸುವ ದೋಷ ಪರೀಕ್ಷೆಗೆ ಸುಲಭವಾಗಿ ಸಿಕ್ಕದು. ಅದನ್ನು ಬರೆಯುವಾಗಲೇ ಹಿಡಿಯಬೇಕು. ಅದಕ್ಕಾಗಿಯೇ ಬಲ್ಲವರು ಪ್ರತಿಯೊಂದು ಸಾಲಿನ ಮುಂದೆಯೂ ನಿಂತು ಕೇಳಿಕೊಳ್ಳುತ್ತಾರೆ: “ಇಷ್ಟಕ್ಕೇ ಬಿಟ್ಟು ಏಳಬೇಕಾಗಿ ಬಂದು, ನಡುವೆ ಇನ್ನೊಬ್ಬನು ಒಳಬಂದರೆ ಏನಾದೀತು?”