ದ್ವೀಪಾಂತರದಲ್ಲಿ ಉಪಾಧ್ಯಾಯವೃತ್ತಿ

ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿದ ನಾವು ಸಮುದ್ರವನ್ನು ದಾಟಿ ಪರದೇಶದ ಮಕ್ಕಳಿಗೆ ಇಂಗ್ಲೀಷು ಕಲಿಸಿ ಬಂದೆವೆಂದರೆ ಚಾಮರಾಜನಗರದಲ್ಲಿ ಈಗಲೂ ಕೆಲವರು ನಗುವರು. ನಗತಕ್ಕ ವಿಷಯವೇ ಅಹುದು. ಆದರೆ ಪಾಠಶಾಲೆಯನ್ನು ಬಿಟ್ಟಮೇಲೆ ನಾವು ಇಂಗ್ಲೀಷಿನಲ್ಲಿಯೂ ಪದವಿಯನ್ನು ಪಡೆದು, ಊರಿನ ಒಂದು ಪ್ರೌಢಶಾಲೆಯಲ್ಲಿ ಅದನ್ನೇ ಬೋಧಿಸುತ್ತಿದ್ದೆವು. ಗುಂಡ್ಲುಪೇಟೆಯ ಬಳಿ ಪಿತ್ರಾರ್ಜಿತವಾದ ಎರಡು ಎಕರೆ ಹೊಲದಲ್ಲಿ ಮೂರು ಬಾರಿ ಕೊಳವೆಬಾವಿಯನ್ನು ಕೊರೆಯಿಸಿ ಮೂರು ಬಾರಿಯೂ ಧೂಳನ್ನೇ ಕಂಡೆವು. ನೀರು ಬರಲಿಲ್ಲ, ಸಾಲ ಮಾತ್ರ ಬಂದಿತು. ಆ ಕಾಲದಲ್ಲಿ ಮಾಲ್ಡೀವ್ಸ್ ದೇಶದವರು ತಮ್ಮ ಶಾಲೆಗಳಿಗೆ ಭಾರತದಿಂದ, ವಿಶೇಷವಾಗಿ ಕೇರಳದಿಂದ, ಉಪಾಧ್ಯಾಯರನ್ನು ಕರೆಯಿಸಿಕೊಳ್ಳುತ್ತಿದ್ದರು. ತಾಯಿಯವರನ್ನೂ ಹೆಂಡತಿಯನ್ನೂ ಗುಂಡ್ಲುಪೇಟೆಯ ಮನೆಯಲ್ಲಿರಿಸಿ, ಸಂಬಳವಿಲ್ಲದ ರಜವನ್ನು ಪಡೆದು, 2003ನೆಯ ಇಸವಿಯ ಜನವರಿಯಲ್ಲಿ ನಾವೂ ಹೊರಟೆವು.

ಸುಲ್ತಾನ್ ಬತ್ತೇರಿಯ ಮಾರ್ಗವಾಗಿ ಕಲ್ಲಿಕೋಟೆ, ಅಲ್ಲಿಂದ ರೈಲಿನಲ್ಲಿ ತಿರುವನಂತಪುರ, ಅಲ್ಲಿಂದ ವಿಮಾನದಲ್ಲಿ ಮಾಲೆ, ಆಮೇಲೆ ಒಂದು ಹಗಲೂ ಒಂದು ರಾತ್ರಿಯೂ ನಾವೆಯ ಪ್ರಯಾಣ. ಆ ದೇಶದಲ್ಲಿ ಹೆಚ್ಚು ಕಡಿಮೆ 1,200 ದ್ವೀಪಗಳುಂಟು. ಜನರು ವಾಸಿಸತಕ್ಕವು 200ರಷ್ಟು. ನೆಲವು ಸಮುದ್ರಮಟ್ಟಕ್ಕಿಂತ ಒಂದೂವರೆ ಮೀಟರಿನಷ್ಟು ಮಾತ್ರ ಎತ್ತರ. ಬೆಟ್ಟವಿಲ್ಲ, ಹೊಳೆಯಿಲ್ಲ. ಮೊದಲನೆಯ ವಾರದಲ್ಲಿಯೇ ಇಂಗ್ಲೀಷು ಪಾಠದಲ್ಲಿ ಬೆಟ್ಟವೆಂಬ ಶಬ್ದವು ಬಂದಿತು. ಹತ್ತು ವರ್ಷದ ಹುಡುಗನೊಬ್ಬನು ಎದ್ದು, ಅದರ ಮೇಲೆ ಮನುಷ್ಯರು ಹೇಗೆ ಜಾರದೆ ನಿಲ್ಲುವರೆಂದು ಕೇಳಿದನು. 1,450 ಮೀಟರಿಗೂ ಮಿಕ್ಕು ಎತ್ತರವಾದ ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಹಲಗೆಯ ಮೇಲೆ ಬರೆದು ತೋರಿಸಿದೆವು. ಮೋಡವನ್ನು ಶಿಖರಕ್ಕಿಂತ ಕೆಳಗೆ ಬರೆದುದಕ್ಕೆ ತರಗತಿಯು ನಮ್ಮನ್ನು ನಂಬಲಿಲ್ಲ.

ಆಹಾರದ ಮಾತನ್ನು ವಾಚಕರು, ಅದರಲ್ಲಿಯೂ ಗೃಹಿಣಿಯರು, ಕೇಳದೆ ಬಿಡರು. ಅಲ್ಲಿ ಮೀನಿಲ್ಲದ ಊಟವು ಊಟವಲ್ಲ. ನಮಗೆ ಕೋಣೆಯನ್ನು ಬಾಡಿಗೆಗೆ ಕೊಟ್ಟ ಮನೆಯಾಕೆಯು, ಈ ಮೇಷ್ಟರು ಮೀನನ್ನು ಮುಟ್ಟುವುದಿಲ್ಲವೆಂದು ತಿಳಿದು, ಇವರಿಗೆ ಯಾವುದೋ ರೋಗವಿರಬೇಕೆಂದು ಮರುಗಿದಳು. ಬಳಿಕ ಹಿತ್ತಿಲ ಮರದ ದೀವಿಹಲಸನ್ನು ಬೇಯಿಸಿ, ತೆಂಗಿನತುರಿಯೊಡನೆ ದಿನವೂ ಕಳುಹಿಸುತ್ತಿದ್ದಳು. ನಾವು ಒಯ್ದಿದ್ದ ಗುಂಡ್ಲುಪೇಟೆಯ ಅರಿಶಿನದ ಪುಡಿಯನ್ನು ಆಕೆಗೆ ಕೊಟ್ಟೆವು; ಅದು ಮೀನಿಗೇ ಹೋಯಿತೆಂದು ಬೇರೆ ಹೇಳಬೇಕಾದುದಿಲ್ಲ. ಪೂಜಾವಿಗ್ರಹಗಳನ್ನು ಒಯ್ಯಲು ಆ ದೇಶದ ಕಾನೂನು ಅವಕಾಶವೀಯದ ಕಾರಣ ದೇವರ ಪೆಟ್ಟಿಗೆಯು ತಾಯಿಯವರ ಬಳಿಯಲ್ಲಿಯೇ ಉಳಿದಿತ್ತು. ಸಂಧ್ಯಾವಂದನೆಗೆ ನೀರೊಂದಿದ್ದರೆ ಸಾಕಷ್ಟೆ.

ಕಷ್ಟವಾದುದು ಊಟವಲ್ಲ, ಮೌನ. ಶಾಲೆಯಲ್ಲಿ ಇಂಗ್ಲೀಷು, ಕೇರಳದ ಸಹೋದ್ಯೋಗಿಗಳಲ್ಲಿ ಮಲಯಾಳ, ಊರಿನಲ್ಲಿ ದಿವೇಹಿ. ಕನ್ನಡವನ್ನು ನಮ್ಮೊಡನೆ ನಾವೇ ಆಡಿಕೊಳ್ಳಬೇಕು. ಆರು ತಿಂಗಳ ಒಪ್ಪಂದ ಮುಗಿದೊಡನೆ ಹಿಂದಿರುಗುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿಯೂ ಇದ್ದೆವು. ಹೀಗಿರಲು ಒಂದು ಸಾಯಂಕಾಲ ಮನೆಯಾಕೆಯ ವೃದ್ಧ ತಂದೆಯು ದಡದಲ್ಲಿ ಮೀನುಗಳನ್ನೆಣಿಸುತ್ತಿದ್ದನು: ಎಕೆ, ದೇ, ತಿನೆ, ಹತರೆ, ಫಹೆ. ನಾವು ನಿಂತೇಬಿಟ್ಟೆವು. ಏಕ, ದ್ವಿ, ತ್ರಿ, ಚತುರ್, ಪಂಚ! ಸಂಸ್ಕೃತದ ಪಕಾರವು ಅವರಲ್ಲಿ ಫಕಾರವಾಗುವುದು, ಸಕಾರವು ಅನೇಕ ಕಡೆ ಹಕಾರವಾಗುವುದು, ಸಪ್ತವೇ ‘ಹತೆ’. ಪಾಲನ್ನು ಹಾಲು ಮಾಡಿಕೊಂಡ ಕನ್ನಡಿಗರಿಗೆ ಇದರಲ್ಲಿ ಆಶ್ಚರ್ಯವೇನು? ರಾಜ್ಯವು ‘ರಾಜ್ಜೆ’, ಮತ್ಸ್ಯವು ‘ಮಸ್’. ನಾವು ಬಂದ ನಾವೆಯ ಹೆಸರೇ ‘ದೋನಿ’. ಅದನ್ನು ಅಷ್ಟು ದಿನ ಕೇಳಿಯೂ ಕೇಳದವರಂತಿದ್ದೆವು.

ಅಂದಿನಿಂದ ಸಂಜೆಯ ಹೊತ್ತು ನಾವು ಆ ಮುದುಕನ ಶಿಷ್ಯರಾದೆವು. ಬಲದಿಂದ ಎಡಕ್ಕೆ ಬರೆಯತಕ್ಕ ತಾನ ಲಿಪಿಯನ್ನು ಅವನ ಮೊಮ್ಮಗಳು ಕಲಿಸಿದಳು. ಆತನು ಕಲಿಸಿದುದು ಅದಕ್ಕಿಂತ ದೊಡ್ಡದು. ಆ ದ್ವೀಪದ ಬೆಸ್ತರು ಗಾಳಿ ಮಳೆಗಳನ್ನು ‘ನಕೈ’ ಎಂಬ ಗಣನೆಯಿಂದ ತಿಳಿಯುವರು. ಒಂದೊಂದು ನಕೈಗೆ 13 ಅಥವಾ 14 ದಿವಸ. ಹೆಸರುಗಳೇನೆಂದು ಕೇಳಿದೆವು. ಅಸ್ಸಿದ, ಬುರುನು, ಕೆತಿ, ರೋನು, ಮಿಯಹೆಲಿಯ, ಅದ ಎಂದು ಬೆರಳು ಮಡಿಸುತ್ತ ಹೋದನು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರೆ! ನಮ್ಮ ಗುಂಡ್ಲುಪೇಟೆಯ ರೈತನು ಯಾವ ಲೆಕ್ಕದಿಂದ ಮುಗಿಲನ್ನು ನೋಡಿ ಜೋಳವನ್ನು ಬಿತ್ತುವನೋ, ಅದೇ ಲೆಕ್ಕದಿಂದ ಕೆಲವೇ ದಿನಗಳ ವ್ಯತ್ಯಾಸದಲ್ಲಿ ಈ ಮುಸಲ್ಮಾನ ವೃದ್ಧನು ದೋಣಿಯನ್ನು ಕಡಲಿಗಿಳಿಸುವನು. ನಾವು ನಮ್ಮ ಹೆಸರುಗಳನ್ನು ಹೇಳಿದಾಗ ಆತನು ಬಹಳ ಹೊತ್ತು ನಕ್ಕು, ಇದು ಮೊದಲೇ ಗೊತ್ತಿದ್ದರೆ ನಿಮ್ಮನ್ನು ವಿದೇಶೀಯರೆಂದು ಇಷ್ಟು ಮರ್ಯಾದೆ ಮಾಡುತ್ತಿರಲಿಲ್ಲವೆಂದನು. ಆರು ತಿಂಗಳ ಮಾತು ಹೋಗಿ ಒಪ್ಪಂದವು ಬೆಳೆಯಿತು.

2004ರ ಡಿಸೆಂಬರಿನಲ್ಲಿ ರಜಕ್ಕೆಂದು ಊರಿಗೆ ಬಂದಿದ್ದೆವು. 26ನೆಯ ತಾರೀಖು ಸುನಾಮಿಯ ಅಲೆಯೆದ್ದಿತು. ಆ ದೇಶದಲ್ಲಿ 80ಕ್ಕೂ ಮಿಕ್ಕು ಜನರು ಮಡಿದರು. ನಾಲ್ಕು ದಿವಸ ದೂರವಾಣಿಯು ದೊರೆಯಲಿಲ್ಲ. ಐದನೆಯ ದಿನ ಮನೆಯಾಕೆಯ ಧ್ವನಿ ಕೇಳಿಸಿತು. ಪ್ರಾಣಹಾನಿಯಿಲ್ಲ, ಬಾವಿಗಳೆಲ್ಲ ಉಪ್ಪಾಗಿವೆ, ಶಾಲೆಯೊಳಗೆ ಎದೆಯುದ್ದ ನೀರು ಹರಿದಿದೆ ಎಂದಳು.

ಸಾಲವು ಆ ವೇಳೆಗೆ ತೀರಿತ್ತು. “ಇನ್ನು ಸಮುದ್ರದ ಸಹವಾಸ ಸಾಕಪ್ಪ, ಇದ್ದೊಬ್ಬ ಮಗನನ್ನು ಅದಕ್ಕೆ ಕೊಡಲಾರೆ,” ಎಂದು ತಾಯಿಯವರು ಅತ್ತರು. ಅವರ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಎರಡು ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ನಿದ್ರಿಸಲಿಲ್ಲ. ಮೂರನೆಯ ಬೆಳಗ್ಗೆ ನಮ್ಮ ಹೆಂಡತಿ, “ಆ ಮಕ್ಕಳಿಗೆ ದೊಡ್ಡ ಪರೀಕ್ಷೆ ಈ ವರ್ಷವೇ ಅಲ್ಲವೆ?” ಎಂದು ಕೇಳಿದಳು. ಅಹುದು, ಪ್ರಶ್ನಪತ್ರಿಕೆಗಳು ಕೇಂಬ್ರಿಜಿನಿಂದ ಬರತಕ್ಕವು, ಅಲೆಯ ನೆಪವನ್ನು ಅವು ಕೇಳಲಾರವು. ಆಕೆ ಮತ್ತೇನನ್ನೂ ಹೇಳದೆ ಚಟ್ನಿಪುಡಿಗೆ ಬೇಳೆಯನ್ನು ಹುರಿಯಲು ಕುಳಿತಳು. ತಾಯಿಯವರು ಹೊತ್ತಾರೆಯೆಲ್ಲ ಮಾತನಾಡದಿದ್ದು, ಸಂಜೆಗೆ ತಾವೇ ಬಂದು ಅರಿಶಿನದ ಗಂಟನ್ನು ಪೆಟ್ಟಿಗೆಯೊಳಗಿಟ್ಟರು, ಕಳೆದ ಸಲಕ್ಕಿಂತ ದೊಡ್ಡ ಗಂಟು.

ನಾವು ದ್ವೀಪವನ್ನು ಸೇರಿದಾಗ ‘ಹುವನ್’ ಎಂದರೆ ಶ್ರವಣದ ನಕೈ ನಡೆಯುತ್ತಿತ್ತು. ಮುದುಕನು ಒಡೆದ ದೋಣಿಗೆ ಹಲಗೆಯನ್ನು ಕೂಡಿಸುತ್ತಿದ್ದವನು ತಲೆಯೆತ್ತಿ, ಬಂದಿರೋ ಎಂದು ಕೇಳಿ ಮತ್ತೆ ಕೆಲಸದಲ್ಲಿ ತೊಡಗಿದನು. ಶಾಲೆಯ ಅಂಗಳದಲ್ಲಿ ಚಾಪೆಗಳನ್ನು ಹಾಸಿ ನೆನೆದ ಪುಸ್ತಕಗಳನ್ನು ಬಿಸಿಲಿಗಿಟ್ಟಿದ್ದರು. ಹಾಳೆಗಳು ಒಂದಕ್ಕೊಂದು ಅಂಟದಂತೆ ಮಕ್ಕಳು ಸಾಲಾಗಿ ಕುಳಿತು ತಿರುವುತ್ತಿದ್ದರು. ಬೆಟ್ಟವನ್ನು ನಂಬದಿದ್ದ ಹುಡುಗನು ಸರಿದು ಜಾಗ ಕೊಟ್ಟನು. ಪೆಟ್ಟಿಗೆಯನ್ನು ಮರದ ಬುಡದಲ್ಲಿಟ್ಟು ನಾವೂ ಒಂದು ಪುಸ್ತಕವನ್ನೆತ್ತಿಕೊಂಡೆವು.